ಒಂದನೇ ತಲೆಮಾರು ಯಾರು?

ಗೆಲುವು-ಸೋಲು ಇಲ್ಲದ ಕಂಪ್ಯೂಟರ್ ಆಟ ‘ದಿ ಸಿಮ್ಸ್’. ಮೊದಲು ಬಂದದ್ದು 2000ದಲ್ಲಿ. ಮನೆ ಕಟ್ಟುವುದು, ಕೆಲಸಕ್ಕೆ ಹೋಗುವುದು, ಮದುವೆ, ಮಕ್ಕಳು, ಅಷ್ಟೇ. 2004ರಲ್ಲಿ ಬಂದ ‘ಸಿಮ್ಸ್ 2’ರಲ್ಲಿ ಪಾತ್ರಗಳಿಗೆ ಮುಪ್ಪು ಬಂತು, ಮಕ್ಕಳಿಗೆ ಅಪ್ಪ ಅಮ್ಮನ ಹೋಲಿಕೆ ಬಂತು. ಗುರಿಯಿಲ್ಲದ ಆ ಆಟಕ್ಕೆ ಆಡುವವರೇ ಒಂದು ಗುರಿ ಹಾಕಿಕೊಂಡರು: ‘ಲೆಗಸಿ ಚಾಲೆಂಜ್’. ಖಾಲಿ ಸೈಟಿನಲ್ಲಿ ಒಬ್ಬ ಮೂಲಪುರುಷ (ಹೆಣ್ಣೂ ಆಗಬಹುದು), ಕೈಯಲ್ಲಿ ಚೂರು ದುಡ್ಡು. ಅಲ್ಲಿಂದ ವಂಶವನ್ನು ಹತ್ತು ತಲೆಮಾರಿಗೆ ಮುಟ್ಟಿಸಬೇಕು.

ಹತ್ತು ಎಣಿಸುವುದರಲ್ಲೇನಿದೆ ಅನ್ನಬಹುದು. ಕೋಡ್ ಬರೆದು ರೂಢಿಯಾದ ನಮ್ಮಂಥವರಿಗೆ ಎಣಿಕೆ ಸೊನ್ನೆಯಿಂದ ಶುರು. ಇಲ್ಲಿ ಮೂಲಪುರುಷನೇ ಒಂದು, ಅವನ ಮಕ್ಕಳು ಎರಡು. ನಾಲ್ಕು ಮಕ್ಕಳಿದ್ದರೂ ತಲೆಮಾರು ಒಂದೇ. ಅವರಲ್ಲಿ ಒಬ್ಬರು ಮಾತ್ರ ವಾರಸುದಾರರು. ಮಿಕ್ಕವರಿಗೆ ಆಟಗಾರರು ಇಟ್ಟ ಹೆಸರು ‘ಸ್ಪೇರ್’. ಹಿರಿಯ ಮಗುವೇ, ಕಿರಿಯದೇ, ಗಂಡೇ, ಹೆಣ್ಣೇ, ದತ್ತು ಮಗುವಿಗೂ ಹಕ್ಕುಂಟೇ ಎಂಬುದನ್ನೆಲ್ಲ ಆಡುವವರು ಮೊದಲೇ ತೀರ್ಮಾನಿಸಿಕೊಳ್ಳುತ್ತಾರೆ.

ಅಂದರೆ ತಲೆಮಾರಿನ ಸಂಖ್ಯೆ ಗಣಿತಕ್ಕಿಂತ ಹೆಚ್ಚಾಗಿ ಒಂದು ತೀರ್ಮಾನ. ಆಟದ ಹೊರಗೂ ಹೀಗೆಯೇ. 1955ರ ಹಿಂದೂ ವಿವಾಹ ಕಾಯ್ದೆ ಸಪಿಂಡ ಸಂಬಂಧವನ್ನು ಎಣಿಸುವಾಗ ಮದುವೆಯಾಗುವ ವ್ಯಕ್ತಿಯೇ ಒಂದನೇ ತಲೆಮಾರು. ಅಲ್ಲಿಂದ ಲೆಕ್ಕ ಮೇಲಕ್ಕೆ ಹೋಗುತ್ತದೆ: ತಾಯಿಯ ಕಡೆ ಮೂರರವರೆಗೆ, ತಂದೆಯ ಕಡೆ ಐದರವರೆಗೆ. ತಾಯಿಯ ನೆನಪು ಎರಡು ಮೆಟ್ಟಿಲು ಮೊದಲೇ ಮುಗಿಯುತ್ತದೆ! ತುಳುನಾಡಿನ ಅಳಿಯಸಂತಾನದಲ್ಲಾದರೋ ಕುಟುಂಬದ ಗೆರೆ ಸಾಗುವುದೇ ತಾಯಿಯ ಕಡೆಯಿಂದ. ರಕ್ತ ಅದೇ, ಎಣಿಕೆ ಬೇರೆ.

ಊರು ಬಿಟ್ಟು ಬಂದ ನಮಗೆ ಇದು ಬರೀ ಕುತೂಹಲದ ವಿಷಯವಲ್ಲ. ‘ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲ ತಲೆಮಾರು ನಾನು’, ‘ಈ ಊರಿಗೆ ಬಂದಾಗ ನನ್ನ ಹತ್ತಿರ ಏನೂ ಇರಲಿಲ್ಲ’ ಎಂದು ನಾವು ಹೇಳಿಕೊಳ್ಳುತ್ತೇವೆ. ಮಾತು ಸುಳ್ಳಲ್ಲ. ಆದರೆ ಹಾಗೆ ಹೇಳುವಾಗ ನಾವು ಆಟದ ಮೂಲಪುರುಷನ ಜಾಗದಲ್ಲಿ ನಿಲ್ಲುತ್ತೇವೆ. ಅವನಿಗೆ ನಿಜವಾಗಿಯೂ ಅಮ್ಮನಿಲ್ಲ, ಅವನ ಸೈಟು ನಿಜವಾಗಿಯೂ ಖಾಲಿ. ನಾನು ಎಂ.ಟೆಕ್. ಮುಗಿಸುವವರೆಗೆ ಗದ್ದೆ ನೋಡಿಕೊಂಡವನು ನನ್ನ ಅಣ್ಣ. ಅಪ್ಪನ ಔಷಧಿ, ಅಮ್ಮನ ಆಸ್ಪತ್ರೆ, ಊರಿನ ಮದುವೆ ಮುಂಜಿ ಎಲ್ಲ ಇವತ್ತಿಗೂ ಅವನ ಪಾಲಿನವು. ನನ್ನ ‘ಒಂದು’ ನಿಂತಿರುವುದು ಅವನ ಹೆಗಲ ಮೇಲೆ. ಆಟದ ಭಾಷೆಯಲ್ಲಿ ಅವನು ಸ್ಪೇರ್.

ಹಾಗಾದರೆ ಎಲ್ಲರನ್ನೂ ಎಣಿಸಬೇಕೇ ಎಂದು ಕೇಳಬಹುದು. ಆಗದ ಮಾತು. ಯಾವ ಎಣಿಕೆಗಾದರೂ ಒಂದು ಮೊದಲು ಬೇಕು, ಒಂದು ಗೆರೆ ಬೇಕು. ತೊಂದರೆ ಇರುವುದು ಗೆರೆ ಎಳೆದದ್ದರಲ್ಲಲ್ಲ, ಎಳೆದವರು ನಾವು ಎಂಬುದನ್ನು ಮರೆಯುವುದರಲ್ಲಿ. ಮರೆತಾಗ ನಮ್ಮ ಅನುಕೂಲದ ಲೆಕ್ಕ ನಮ್ಮ ಯೋಗ್ಯತೆಯ ಲೆಕ್ಕವಾಗಿಬಿಡುತ್ತದೆ. ಊರಿನ ಜಮೀನು ಪಾಲಾಗುವ ದಿನ ‘ಅವನೇನು ಮಾಡಿದ, ಊರಲ್ಲೇ ಇದ್ದನಲ್ಲ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಮಕ್ಕಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಕೊಡುತ್ತಾರೆ. ಅಜ್ಜ, ಅಪ್ಪ, ನಾನು ಎಂದು ನೇರ ಗೆರೆ ಎಳೆದರೆ ಐದು ನಿಮಿಷದ ಕೆಲಸ. ದೊಡ್ಡಪ್ಪ, ಅತ್ತೆ, ಚಿಕ್ಕಮ್ಮ ಎಂದು ಪಕ್ಕದ ಕೊಂಬೆಗಳನ್ನೂ ಬರೆಸಿ, ಪ್ರತಿ ಹೆಸರಿನ ಕೆಳಗೆ ಅವರು ನಮಗಾಗಿ ಏನು ಮಾಡಿದರು ಎಂದು ಒಂದು ಸಾಲು ಸೇರಿಸಲು ಹೇಳೋಣ. ಒಂದು ಹಾಳೆ ಸಾಲದೆ ಬಂದರೆ ಇನ್ನೊಂದನ್ನು ಅಂಟಿಸಿಕೊಳ್ಳಲಿ.