ಹರಳಯ್ಯನ ಮನೆಯ ಬೀಗತನ



ಹರಳಯ್ಯನವರ ಕಥೆ ನಿಮಗೆ ಹೊಸದಲ್ಲ. ಹುಟ್ಟಿನಿಂದ ಚಮ್ಮಾರ, ಕಾಯಕದಿಂದ ಶರಣ. ಬಸವಣ್ಣನವರು ತನಗೆ ಎರಡು ಬಾರಿ ಶರಣೆಂದುದರ ಋಣವನ್ನು ತೀರಿಸುವುದು ಹೇಗೆಂದು ಚಿಂತಿಸಿ, ತನ್ನ ಮತ್ತು ತನ್ನ ಮಡದಿಯ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಅರ್ಪಿಸಿದವನು. ಆ ಹರಳಯ್ಯನ ಮಗನಿಗೆ, ಬ್ರಾಹ್ಮಣನಾಗಿ ಹುಟ್ಟಿ ಲಿಂಗದೀಕ್ಷೆ ಪಡೆದ ಮಂತ್ರಿ ಮಧುವರಸ ತನ್ನ ಮಗಳನ್ನು ಕೊಟ್ಟ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಬೀಗತನಕ್ಕೆ ಬಿಜ್ಜಳನ ಆಸ್ಥಾನ ಕೊಟ್ಟ ಉತ್ತರ ಎಳೆಹೂಟೆಯ ಶಿಕ್ಷೆ. ಶರಣರು ಚದುರಿದರು, ಕೆಲವರು ಉಳವಿಯ ಕಾಡು ಸೇರಿದರು, ಬಿಜ್ಜಳನೂ ಹತನಾದ.

ಇಷ್ಟನ್ನು ನಾವು ಪ್ರತಿ ಬಸವ ಜಯಂತಿಯಲ್ಲೂ ಕೇಳುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ, ಪ್ರಸಾದ ಸ್ವೀಕರಿಸಿ ಮನೆಗೆ ಹೋಗುತ್ತೇವೆ. ಆದರೆ ಶಿಕ್ಷೆಯ ದಿನವನ್ನು ಹೇಳುವ ನಾವು ಅದಕ್ಕಿಂತ ಮುಂಚಿನ ದಿನಗಳನ್ನು ಹೇಳುವುದಿಲ್ಲ. ನಿಶ್ಚಯದ ಸುದ್ದಿ ಹಬ್ಬಿದ ಮೇಲೆ ಮಧುವರಸನ ಮನೆಗೆ ಯಾರು ಬಂದರು, ಯಾರು ಬರಲಿಲ್ಲ? ಹರಳಯ್ಯನ ಕೇರಿಯ ಹಿರಿಯರು ಏನೆಂದರು? ಗಿರೀಶ ಕಾರ್ನಾಡರು 1990ರಲ್ಲಿ ಪ್ರಕಟವಾದ ತಮ್ಮ ‘ತಲೆದಂಡ’ ನಾಟಕದಲ್ಲಿ ಈ ಹೊತ್ತನ್ನೇ ಹಿಡಿದು ನಿಂತರು. ಅಲ್ಲಿ ಮದುವೆಯ ಮಾತು ಕೇಳಿ ಬಸವಣ್ಣನವರೇ ಆತಂಕಗೊಳ್ಳುತ್ತಾರೆ, ಹೆತ್ತ ತಾಯಂದಿರು ಅಳುಕುತ್ತಾರೆ. ಅಣ್ಣನವರನ್ನು ಹೀಗೆ ಚಿತ್ರಿಸಬಹುದೇ ಎಂದು ಮುನಿಯುವ ಹಿರಿಯರಿದ್ದಾರೆ. ನಾವು ಬಿ.ಕಾಂ. ಓದಿ ಮಠದ ಲೆಕ್ಕಪತ್ರ ಬರೆಯುವವರು, ಪಂಡಿತರಲ್ಲ. ಆದರೂ ನಮಗೆ ತೋರುವುದು ಇಷ್ಟು: ಅಂಜಿಕೆ ಕಂಡರೂ ಆ ಮಕ್ಕಳ ಕೈಬಿಡದೆ ನಿಂತದ್ದರಿಂದ ಅಣ್ಣನವರ ಹಿರಿಮೆ ಹೆಚ್ಚೇ ಹೊರತು ಕಡಿಮೆಯಲ್ಲ.

ಈ ಮಾತನ್ನು ಇಲ್ಲಿ ಎತ್ತಿರುವುದಕ್ಕೆ ಕಾರಣ ನಮ್ಮ ನಲ್ಲಂಪಳ್ಳಿ ಸೀಮೆಯೇ. ನಾಯಕ್ಕನ್‌ಕೋಟೆ ನಮಗೆ ದೂರದ ಊರಲ್ಲ. ಅಲ್ಲಿನವರು ನಮ್ಮ ಸಂತೆಗೆ ಬರುವವರು, ನಮ್ಮ ಅಂಗಡಿಗಳಲ್ಲಿ ಲೆಕ್ಕ ಇಟ್ಟವರು. 2012ರ ಅಕ್ಟೋಬರ್‌ನಲ್ಲಿ ಆ ಭಾಗದ ಒಬ್ಬ ದಲಿತ ಯುವಕ ಮತ್ತು ಬೇರೆ ಜಾತಿಯ ಯುವತಿ ಮದುವೆಯಾದರು. ನವೆಂಬರ್ 7ರಂದು ಹುಡುಗಿಯ ತಂದೆ ಪ್ರಾಣ ಕಳೆದುಕೊಂಡರು. ಸುತ್ತಲಿನವರ ನಿಂದೆ ತಾಳಲಾರದೆ ಎಂದು ಪತ್ರಿಕೆಗಳು ಬರೆದವು. ಅದೇ ದಿನ ಗುಂಪು ಸೇರಿ ನತ್ತಂ, ಅಣ್ಣಾನಗರ, ಕೊಂಡಂಪಟ್ಟಿ ಎಂಬ ದಲಿತರ ಮೂರು ಕಾಲೋನಿಗಳಿಗೆ ನುಗ್ಗಿತು. 250ಕ್ಕೂ ಹೆಚ್ಚು ಮನೆಗಳು ಸುಟ್ಟವು, ಲೂಟಿಯಾದವು. ಬೆಂಗಳೂರಿನಲ್ಲಿ ಕೂಲಿ ಮಾಡಿ ಬೀರುವಿನಲ್ಲಿ ಕೂಡಿಟ್ಟದ್ದು ಒಂದು ಸಂಜೆಯಲ್ಲಿ ಬೂದಿಯಾಯಿತು. ಮುಂದಿನ ವರ್ಷ ಆ ದಂಪತಿ ಅಗಲಿದರು. 2013ರ ಜುಲೈ 4ರಂದು ಆ ಯುವಕ ಧರ್ಮಪುರಿಯ ರೈಲು ಹಳಿಯ ಬಳಿ ಶವವಾಗಿ ಸಿಕ್ಕ.

ಇದರ ಹಿಂದಿನ ರಾಜಕೀಯ ನಮ್ಮ ಪತ್ರಿಕೆಗೆ ಬೇಡ. ನಮ್ಮ ಮನಸ್ಸು ನಿಲ್ಲುವುದು ಆ ತಂದೆಯ ಮನೆಯ ಜಗಲಿಯ ಮೇಲೆ. ಮಗಳು ಹೋದ ದಿನದಿಂದ ಪ್ರಾಣ ಹೋದ ದಿನದವರೆಗೆ ಸುಮಾರು ಒಂದು ತಿಂಗಳು. ಚುಚ್ಚಿ ಮಾತನಾಡಲು ಅಷ್ಟೊಂದು ಬಾಯಿಗಳಿದ್ದವಲ್ಲ, ಪಕ್ಕದಲ್ಲಿ ಕೂತು ಒಂದು ಲೋಟ ನೀರು ಕುಡಿದು, “ಆದದ್ದಾಯಿತು, ಮಗು ಸುಖವಾಗಿರಲಿ ಬಿಡಪ್ಪಾ” ಎನ್ನುವ ಬಾಯಿಗಳು ಎಷ್ಟಿದ್ದವು? ಮಧುವರಸನಿಗೆ ಆ ಭಾಗ್ಯವಿತ್ತು. ರಾಜ್ಯ ಮುನಿದರೂ ಅವನ ಜೊತೆಗೆ ಅನುಭವ ಮಂಟಪವಿತ್ತು. ಸಂಗವೆಂದರೆ ಭಜನೆಗೆ ಕೂಡುವುದಷ್ಟೇ ಎಂದು ನಾವು ಅಂದುಕೊಂಡಿದ್ದೇವೆ. ಊರೆಲ್ಲ ಒಬ್ಬನ ಕಡೆ ಬೆನ್ನು ಮಾಡಿದಾಗ ಅವನ ಮುಖ ನೋಡಿ ಕೂರುವುದಕ್ಕಾಗಿಯೇ ಶರಣರು ಸಂಗವನ್ನು ಕಟ್ಟಿದ್ದು.

ಈ ನೆಲಕ್ಕೆ ಇದು ತಿಳಿಯದ ವಿದ್ಯೆಯೂ ಅಲ್ಲ. ಧರ್ಮಪುರಿಯಿಂದ ಸೇಲಂ ದಾರಿ ಹಿಡಿದರೆ ನಲ್ಲಂಪಳ್ಳಿಗೆ ಮೊದಲೇ ಸಿಗುವ ಅಧಿಯಮಾನ್‌ಕೋಟೆಯ ಹೆಸರು ತಗಡೂರಿನ ಅಧಿಯಮಾನನದು. ಊರೂರು ತಿರುಗಿ ಹಾಡುವ ಅವ್ವೈಯಾರ್ ಅವನ ಬಳಿಗೆ ಬಂದಳು; ಅವಳಿಗೆ ನೆಲವಿಲ್ಲ, ಮನೆಯಿಲ್ಲ. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿ ಕೈಗೆ ಸಿಕ್ಕಾಗ ಅದರ ಗುಣವನ್ನು ಹೇಳದೆಯೇ ಅವನು ಅವಳಿಗೆ ತಿನ್ನಿಸಿದ ಕಥೆಯನ್ನು ನಮ್ಮ ಮಕ್ಕಳು ತಮಿಳು ಪಾಠದಲ್ಲಿ ಓದುತ್ತಾರೆ. ಒಮ್ಮೆ ಅವನ ಬಾಗಿಲಲ್ಲೇ ಕಾಯಬೇಕಾಗಿ ಬಂದಾಗ, ವಿದ್ಯೆಯುಳ್ಳವರಿಗೆ ಎಲ್ಲಿ ಹೋದರೂ ಅನ್ನವುಂಟೆಂದು ಕೋಪದಿಂದ ಹಾಡಿದವಳೂ ಅವಳೇ. ಆ ಹಾಡು ‘ಪುರನಾನೂರಿ’ನಲ್ಲಿದೆ. ಹೊರಗಿನವಳು ಮನೆಯವಳಾದ ಮೇಲೆ ಮುನಿಸಿಕೊಳ್ಳುವ ಹಕ್ಕೂ ಬರುತ್ತದೆ ಎಂಬುದು ನಮಗೆ ಇದರಲ್ಲಿ ಮೆಚ್ಚುಗೆಯಾದ ಅಂಶ.

ನಾವಾದರೂ ಯಾರು? ನೊಳಂಬರ ಕಾಲದಲ್ಲಿ ಧರ್ಮಪುರಿಯಲ್ಲಿ ಕನ್ನಡ ಶಾಸನ ಬರೆಸಿದ ಹಿರಿಮೆ ಹೇಳಿಕೊಂಡರೂ, ಇಂದು ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು. ಕೊರಳಲ್ಲಿ ಲಿಂಗ ಕಂಡರೆ “ಇದೇನು” ಎಂದು ಕೇಳುವ ನೆರೆಹೊರೆ. ಅಷ್ಟಾದರೂ ನಮ್ಮನ್ನು ಈ ಭಾಷೆ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಚಾಮರಸ ಕನ್ನಡದಲ್ಲಿ ಬರೆದ ‘ಪ್ರಭುಲಿಂಗಲೀಲೆ’ಯನ್ನು ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶರು ತಮಿಳಿಗೆ ತಂದರು, ಅಲ್ಲಮಪ್ರಭು ತಮಿಳರ ಮನೆಯ ಅತಿಥಿಯಾದ. ಬಾಗಿಲು ತೆರೆಸಿಕೊಂಡು ಒಳಗೆ ಬಂದ ನಾವು ಮತ್ತೊಬ್ಬರಿಗೆ ಅಗುಳಿ ಹಾಕುವುದು ಯಾವ ನ್ಯಾಯ?

ಅಗುಳಿ ಹಾಕುತ್ತೇವೆಂಬುದು ಆರೋಪವಲ್ಲ, ಲೆಕ್ಕ. ಅಂಗಡಿಯ ಖಾತೆ ಪುಸ್ತಕದಲ್ಲಿ ಎಲ್ಲ ಜಾತಿಯ ಹೆಸರೂ ಇವೆ; ಬಾಕಿ ಕೊಡುವವನು ನಮ್ಮವನೋ ಅಲ್ಲವೋ ಎಂದು ಯಾವ ವ್ಯಾಪಾರಿಯೂ ನೋಟು ತಿರುಗಿಸಿ ನೋಡುವುದಿಲ್ಲ. ಮದುವೆಯ ಕರೆಯೋಲೆ ಬರೆಯುವಾಗ ಮಾತ್ರ ಪುಸ್ತಕ ಬೇರೆ. ಹೊರಜಾತಿಯ ಮಾತಿರಲಿ, ಲಿಂಗ ಕಟ್ಟಿದವರಲ್ಲೇ ಒಳಪಂಗಡ ಕೇಳುತ್ತೇವೆ. ಬಂದವನನ್ನು ಮನೆಯ ಮಗನೆಂದು ಕಾಣುವ ಬುದ್ಧಿ ಕೊಡು ಎಂದು ಅಣ್ಣನವರು ಬೇಡಿದ ವಚನ ನಮ್ಮ ಮಕ್ಕಳಿಗೆ ಬಾಯಿಪಾಠ. ಅದೇ ಮಕ್ಕಳು ದೊಡ್ಡವರಾಗಿ ಆ ವಚನವನ್ನು ನಂಬಿ ಯಾರನ್ನಾದರೂ ಮನೆಗೆ ಕರೆತಂದರೆ, ಕಲಿಸಿದ ನಾವೇ ಬೆಚ್ಚಿಬೀಳುತ್ತೇವೆ.

ನಮ್ಮ ಭಕ್ತರ ಮನೆಯೊಂದರಲ್ಲಿ ಹೀಗೇ ಆಯಿತು. ಹುಣಸೆಹಣ್ಣಿನ ವ್ಯಾಪಾರಿ, ಮಠಕ್ಕೆ ತಪ್ಪದೆ ದಾಸೋಹದ ಅಕ್ಕಿ ಕೊಡುವವರು. ಮಗಳು ಬೇರೆ ಜಾತಿಯ ಹುಡುಗನ ಕೈ ಹಿಡಿದಳು. ಮಾರನೆಯ ದಿನದಿಂದ ನಮ್ಮವರು ಯಾರೂ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಬೈದವರಿಲ್ಲ, ಜಗಳವಾಡಿದವರಿಲ್ಲ, ಎಲ್ಲರಿಗೂ ಏನೋ ಕೆಲಸವಿತ್ತು, ಅಷ್ಟೆ. ಆ ಬೀದಿಯ ಒಬ್ಬ ವೃದ್ಧೆ ಮಾತ್ರ ದಿನಾ ಸಂಜೆ ಹೋಗಿ ಅರ್ಧ ಕಿಲೋ ಹುಣಸೆಹಣ್ಣು ಕಟ್ಟಿಸಿಕೊಂಡು, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಹದಿನೈದು ದಿನವಾದ ಮೇಲೆ ವ್ಯಾಪಾರಿ ಕೇಳಿದರಂತೆ: “ಒಬ್ಬಳೇ ಇದ್ದೀಯ, ಇಷ್ಟೊಂದು ಹುಳಿ ಏನು ಮಾಡ್ತೀಯಜ್ಜಿ?”

“ಹುಳಿ ಕೆಡೋದಿಲ್ಲ ಕಣಪ್ಪ, ಮಡಕೇಲಿ ಇಟ್ಟಿದ್ದೀನಿ. ನೀನು ತೂಗು.”

ಆ ಅಜ್ಜಿಗೆ ಓದು ಬರಹ ಬಾರದು. ತಲೆದಂಡ, ಪುರನಾನೂರು ಯಾವುದನ್ನೂ ಅವರು ಕೇಳಿದವರಲ್ಲ. ಅವರ ಹಿಂದೆ ಮೊದಲು ಇಬ್ಬರು ಹೋದರು, ಆಮೇಲೆ ನಾಲ್ವರು. ಆ ವರ್ಷದ ದೀಪಾವಳಿಗೆ ಮಗಳೂ ಅಳಿಯನೂ ತವರಿಗೆ ಬಂದರು.

ಹೀಗಾಗಿ ಪೂಜ್ಯರ ಅಪ್ಪಣೆ ಪಡೆದು ನಾವು ಒಂದು ಏರ್ಪಾಡು ಮಾಡಿದ್ದೇವೆ. ಯಾವ ಭಕ್ತರ ಮನೆಯಲ್ಲಾದರೂ ಇಂಥ ಸಂದರ್ಭ ಬಂದರೆ, ಸುದ್ದಿ ತಿಳಿದ ದಿನವೇ ಮಠದಿಂದ ಇಬ್ಬರು ಹಿರಿಯರು ಆ ಮನೆಗೆ ಹೋಗಿ ಊಟ ಮಾಡಿ ಬರತಕ್ಕದ್ದು. ಬುದ್ಧಿವಾದ ಹೇಳತಕ್ಕದ್ದಲ್ಲ. ಹುಡುಗನ ಕಡೆಯ ಮನೆಗೂ, ಅದು ಯಾವ ಕೇರಿಯಲ್ಲಿದ್ದರೂ, ಅದೇ ವಾರ ಹೋಗತಕ್ಕದ್ದು. ಇದಕ್ಕೆ ಸಿದ್ಧರಿರುವವರು ಹೆಸರು ಕೊಡಬೇಕೆಂದು ಕೋರುತ್ತೇವೆ. ಈವರೆಗೆ ಏಳು ಹೆಸರು ಬಂದಿವೆ; ಮೊದಲನೆಯದು ಆ ಹುಣಸೆಹಣ್ಣಿನ ವ್ಯಾಪಾರಿಯವರದು.