ಪಟ್ಟಿಯಲ್ಲಿ ಬರೆಸಿದ ಹೆಸರು

ರಕ್ತವು ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುತ್ತದೆ. ರಕ್ತದ ಕ್ಯಾನ್ಸರು, ಥಲಸ್ಸೀಮಿಯಾ ಮುಂತಾದ ರೋಗಗಳಲ್ಲಿ ಈ ಬುಗ್ಗೆಯೇ ಕೆಡುವದರಿಂದ ಕೆಲವು ರೋಗಿಗಳಿಗೆ ಬೇರೊಬ್ಬರ ಮಜ್ಜೆಯ ಕೋಶಗಳನ್ನು ಕೊಡಬೇಕಾಗುವದು. ನಮ್ಮ ದೇಶದಲ್ಲಿ ಇದು 1983ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಮೊದಲಾಯಿತು. 1986ರಿಂದ ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯಲ್ಲಿಯೂ ನಡೆದಿದೆ.

ಆದರೆ ಯಾರದಾದರೂ ಸರಿಯೆಂಬಂತಿಲ್ಲ. ಎಚ್‌ಎಲ್‌ಎ ಎಂಬ ಗುರುತುಗಳು ಹೊಂದಬೇಕು. ಅವು ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವವು. ಒಡಹುಟ್ಟಿದವರೊಬ್ಬರಲ್ಲಿ ಪೂರ್ಣ ಹೊಂದಿಕೆಯ ಸಂಭವವು 4ರಲ್ಲಿ 1 ಮಾತ್ರ. ಅರ್ಧ ಹೊಂದುವ ತಂದೆತಾಯಿಗಳಿಂದಲೂ ಈಗ ಕೆಲವೊಮ್ಮೆ ತಕ್ಕೊಳ್ಳುತ್ತಾರೆ. ಉಳಿದವರು ಪರರನ್ನು ಹುಡುಕಬೇಕು. ಆ ಪರರೂ ಹೆಚ್ಚಾಗಿ ಅದೇ ಮೂಲದ ಜನರಲ್ಲಿಯೇ ಸಿಕ್ಕುವರು. ಲೋಕದ ಪಟ್ಟಿಗಳಲ್ಲಿ 4 ಕೋಟಿಗೆ ಮೇಲ್ಪಟ್ಟು ಹೆಸರುಗಳಿದ್ದಾಗ್ಯೂ ಯುರೋಪಿನ ಮೂಲದವರೇ ಬಹಳ. 2009ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ದಾತ್ರಿ, ಬೆಂಗಳೂರಿನ ಡಿಕೆಎಮ್‌ಎಸ್ ಮುಂತಾದವರು ಇಲ್ಲಿಯೂ ಹೆಸರು ಬರಕೊಳ್ಳುತ್ತಾರೆ. ಜನಸಂಖ್ಯೆಯನ್ನು ನೋಡಿದರೆ ಅವರ ಪಟ್ಟಿಗಳು ಚಿಕ್ಕವು.

ಆದದರಿಂದ ತಲೆಮಾರುಗಳಿಂದ ತಮ್ಮೊಳಗೇ ಹೆಣ್ಣು ಕೊಟ್ಟು ತಂದ ಸಣ್ಣ ಸಮುದಾಯದ ಮಗುವಿಗೆ ರೋಗ ಬಂದರೆ, ಅದಕ್ಕೆ ತಕ್ಕವನು ಇಂದು ಅಮರಗೋಳದ ಎ.ಪಿ.ಎಮ್.ಸಿ.ಗೆ ಮೆಣಸಿನಕಾಯಿ ತಂದ ರೈತನೇ ಆಗಿರಬಹುದು. ಅವನ ಹೆಸರು ಪಟ್ಟಿಯಲ್ಲಿಲ್ಲ. ನಮ್ಮಂಥ ಅಲ್ಪರಿಂದ ಏನಾದೀತು ಎಂಬ ಮಾತು ಇಲ್ಲಿ ಸಲ್ಲದು. ಜಾತಿಯ ಗೋಡೆಯನ್ನು ದಾಟಿಬಂದ ನಮಗೆ ಪೂರ್ವಿಕರ ರಕ್ತದ ಲೆಕ್ಕವು ಹಿಡಿಸಲಿಕ್ಕಿಲ್ಲ. ಆದರೂ ಮತ ಬದಲಾದರೆ ಮಜ್ಜೆ ಬದಲಾಗುವದಿಲ್ಲ. ನಮ್ಮನ್ನು ಹೊರಗಿಟ್ಟ ಮನೆತನದ ಕೂಸಿಗೇ ನಾವು ಹೊಂದಬಹುದು. ಆಗ ಕೊಡುವೆವೋ?

ಹೆಸರು ಬರೆಸುವದು ಸುಲಭ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರಸಿ ಕೊಟ್ಟರಾಯಿತು. ಮುಂದೆ ಕೊಡಬೇಕಾದರೆ ಕೆಲವು ದಿನ ಸೂಜಿಮದ್ದು, ಮೈಕೈನೋವು. ಆ ಮೇಲೆ ಬಹುಮಟ್ಟಿಗೆ ತೋಳಿನ ರಕ್ತದಿಂದಲೇ ಕೋಶಗಳನ್ನು ತೆಗೆಯುವರು. ಬೆನ್ನುಹುರಿಯನ್ನು ಮುಟ್ಟುವದಿಲ್ಲ.

ಕಷ್ಟವಿರುವದು ಮಾತಿನಲ್ಲಿ. ಹೊಸ ಕೋಶಗಳನ್ನು ಕೊಡುವ ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ಔಷಧದಿಂದ ನಾಶಮಾಡುತ್ತಾರೆ. ಆ ಘಳಿಗೆಯಲ್ಲಿ ದಾನಿಯು ಹಿಂಜರಿದರೆ ರೋಗಿಯ ಪ್ರಾಣಕ್ಕೇ ಅಪಾಯ. ದಾನಿಯನ್ನು ಯಾರೂ ಬಲವಂತಪಡಿಸಲಾರರು. ದೇಹವು ಅವನದು, ಹಾಗೆಯೇ ಇರತಕ್ಕದ್ದು. ಬಲವಂತವಿಲ್ಲದ್ದರಿಂದಲೇ ಮಾತಿನ ಭಾರವು ಹೆಚ್ಚು. ಆದಕಾರಣ ಹಿರಿಯರು ಹೇಳಿದರೆಂದೋ ನೆರೆಯವರ ಮುಖ ನೋಡಿಯೋ ಹೆಸರು ಬರೆಸುವದನ್ನು ನಾನು ಒಪ್ಪೆನು. ಮನಸ್ಸಿಲ್ಲದವನು ಈಗಲೇ ಇಲ್ಲವೆನ್ನಲಿ. ಮನಸ್ಸುಳ್ಳವನು, 18 ತುಂಬಿದವನಾದರೆ, ಮೊದಲು ಮನೆಯವರೊಂದಿಗೆ ಕೂತು ಮಾತಾಡಲಿ. ಕರೆ ಬಂದ ದಿನ ತಾಯಿಯ ಕಣ್ಣೀರನ್ನು ದಾಟುವದು ಕಷ್ಟ. ಊರು ಬಿಟ್ಟರೆ, ಫೋನಿನ ನಂಬರು ಬದಲಾದರೆ ಪಟ್ಟಿಯವರಿಗೆ ತಿಳಿಸಲಿ. ಕರೆಯು ಹತ್ತು ವರುಷದ ಮೇಲೆ ಬಂದೀತು, ಬಾರದೆಯೂ ಇದ್ದೀತು.