ಲಾವಂಚದ ಬೇರು

ಜರತ್ಕಾರುವಿನ ಕತೆ ನನಗೆ ಹೇಳಿದ್ದು ನಮ್ಮಜ್ಜ. ಮದುವೆ ಬೇಡವೆಂದು ಊರೂರು ಅಲೆಯುತ್ತಿದ್ದ ಆ ಋಷಿಗೆ, ಒಂದು ಹಳ್ಳದಲ್ಲಿ ತಲೆಕೆಳಗಾಗಿ ನೇತಾಡುವ ಮುದುಕರು ಕಾಣುತ್ತಾರೆ. ಅವರಿಗೆ ಆಸರೆ ಲಾವಂಚದ ಒಂದು ಬುಡ. ಅದರಲ್ಲಿ ಉಳಿದಿರುವುದು ಒಂದೇ ಬೇರು, ಅದನ್ನೂ ಇಲಿ ಕಡಿಯುತ್ತಿದೆ. ವಿಚಾರಿಸಿದರೆ ಅವರು ಅವನದೇ ಪಿತೃಗಳು. ಬೇರು ಅವನು, ಇಲಿ ಕಾಲ. ಮಗನನ್ನು ಪಡೆದು ಋಣ ತೀರಿಸು ಎಂದು ಅವರ ಗೋಳು.

ಮೈಸೂರಿನ ಲ್ಯಾಬೊಂದರಲ್ಲಿ 24 ವರ್ಷ ವೀರ್ಯಪರೀಕ್ಷೆ ಮಾಡಿದವಳು ನಾನು. ಕಡಿದ ಬೇರುಗಳನ್ನು ಸಾಕಷ್ಟು ನೋಡಿದ್ದೇನೆ.

ಮಂಡ್ಯ ಕಡೆಯ ಒಬ್ಬ ಕಬ್ಬು ಬೆಳೆಗಾರರು ಬಂದಿದ್ದರು. ಹೆಂಡತಿಗೆ ಆರು ವರ್ಷದಿಂದ ಎಲ್ಲ ಟೆಸ್ಟೂ ಆಗಿತ್ತು, ಅರಳಿಕಟ್ಟೆಯಲ್ಲಿ ನಾಗಪ್ರತಿಷ್ಠೆಯೂ ಆಗಿತ್ತು. ಗಂಡನ ಸರದಿ ಕೊನೆಗೆ, ಯಾವಾಗಲೂ ಕೊನೆಗೇ. ಮಿಲಿಲೀಟರಿಗೆ ಒಂದೂವರೆ ಕೋಟಿ ವೀರ್ಯಾಣುವಾದರೂ ಇರಬೇಕಾದ ಕಡೆ ನನಗೆ ಒಂದೂ ಕಾಣಲಿಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ಹುಡುಕಿದೆ. ನಾಲ್ಕು ಸಿಕ್ಕವು. ಒಂದರ ಬಾಲ ಮಾತ್ರ ಅಲುಗುತ್ತಿತ್ತು. ಆಮೇಲೆ ರಕ್ತದ ವರದಿ ಬಂತು: ವೈ ಕ್ರೋಮೋಸೋಮಿನಲ್ಲಿ, ವೀರ್ಯಾಣು ತಯಾರಾಗಲು ಬೇಕಾದ ಎಜಡ್‌ಎಫ್‌ಸಿ ಎಂಬ ಭಾಗವೇ ಇಲ್ಲ.

“ನಮ್ಮಪ್ಪಂಗೆ ಆರು ಮಕ್ಳು ಮೇಡಂ, ನಂಗ್ಯಾಕೆ ಹಿಂಗಾಯ್ತು? ಯಾವ ಜನ್ಮದ ಪಾಪ?”

ಪಾಪಕ್ಕೂ ಇದಕ್ಕೂ ಸಂಬಂಧವಿಲ್ಲ. ಓಲೆಗರಿಯ ಪ್ರತಿ ಮಾಡುವ ಲಿಪಿಕಾರನನ್ನು ನೆನೆಸಿಕೊಳ್ಳಿ. ಒಂದೇ ಸಾಲು ಎರಡು ಕಡೆ ಬಂದರೆ ಅವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ವೈ ಕ್ರೋಮೋಸೋಮಿನ ಈ ಭಾಗದ ತುಂಬ ಅಂಥ ಮರುಸಾಲುಗಳೇ. ಅಪ್ಪನ ಪ್ರತಿ ಸರಿಯಾಗಿಯೇ ಇತ್ತು. ಮಗನಿಗೆಂದು ನಕಲಾಗುವಾಗ ನಡುವಿನದು ಬಿಟ್ಟುಹೋಯಿತು. ಇಂಥ ತಪ್ಪು ಹೊಸದಾಗಿ ಹುಟ್ಟಿ, ಹೆಚ್ಚುಕಡಿಮೆ ಆ ಗಂಡಸಿನೊಂದಿಗೇ ಮುಗಿದುಹೋಗುತ್ತಿತ್ತು. ಪ್ರಕೃತಿಯ ಆಯ್ಕೆ ಎನ್ನುವುದನ್ನು ಇಷ್ಟು ಬರಿಗಣ್ಣಿಗೆ ತೋರಿಸುವ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

1992ರಲ್ಲಿ ಬ್ರಸೆಲ್ಸಿನ ವೈದ್ಯರು, ಒಂದೇ ವೀರ್ಯಾಣುವನ್ನು ಗಾಜಿನ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸಿ ಮಕ್ಕಳಾದದ್ದನ್ನು ಪ್ರಕಟಿಸಿದರು. ಅಂದಿನಿಂದ ಅಲುಗುವ ಒಂದು ಬಾಲ ಸಾಕು. ಆದರೆ ಅಪ್ಪನಲ್ಲಿರುವುದು ಒಂದೇ ವೈ. ಹುಟ್ಟುವುದು ಗಂಡಾದರೆ ಅದೇ ಕೊರತೆ ಅವನಿಗೂ ಬರುತ್ತದೆ. ಹೆಣ್ಣಾದರೆ ಬರುವುದಿಲ್ಲ. ಋಣ ತೀರಿಸಲು ಮಗನೇ ಬೇಕೆಂದು ಹರಕೆ ಹೊತ್ತವರ ಮನೆಯಲ್ಲಿ ಮಗನೇ ಹೊಸ ಸಾಲಗಾರ, ಮಗಳು ಋಣಮುಕ್ತೆ! ಅಜ್ಜ ಇದ್ದಿದ್ದರೆ ಈ ಲೆಕ್ಕವನ್ನು ಹೇಗೆ ಬಿಡಿಸುತ್ತಿದ್ದರೋ.

(ಔಷಧಿ ಬಂದ ಮೇಲೆ ಪ್ರಕೃತಿಯ ಆಯ್ಕೆ ನಿಂತೇಹೋಯಿತು ಎನ್ನುವವರಿದ್ದಾರೆ. ಅದು ನಿಂತಿಲ್ಲ. 17ನೇ ಕ್ರೋಮೋಸೋಮಿನ ಒಂದು ತುಣುಕು ತಲೆಕೆಳಗಾಗಿರುವ ಐಸ್‌ಲ್ಯಾಂಡಿನ ಹೆಂಗಸರಿಗೆ ತುಸು ಹೆಚ್ಚು ಮಕ್ಕಳೆಂದು 2005ರಲ್ಲಿ ಗೊತ್ತಾಯಿತು. ತಲೆಕೆಳಗಾದವರೆಲ್ಲ ಹಳ್ಳದಲ್ಲಿಲ್ಲ.)

ಪ್ರಕೃತಿ ನಿಲ್ಲಿಸಿದ್ದನ್ನು ನಾವೇಕೆ ಮುಂದೆ ತಳ್ಳಬೇಕು ಎಂದು ಜೊತೆಯವರೊಬ್ಬರು ಕೇಳುತ್ತಿದ್ದರು. ನಾನು ಸಿಸೇರಿಯನ್ ಕೂಸು. ಪ್ರಕೃತಿಯ ಮಾತು ಕೇಳಿದ್ದರೆ ನಾನೂ ಇಲ್ಲ, ಅಮ್ಮನೂ ಇಲ್ಲ. ಮಗು ಮಾಡಿಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತಪ್ಪು ಇರುವುದು ಮುಚ್ಚಿಡುವುದರಲ್ಲಿ. ಪಿತೃಋಣದ ಬಗ್ಗೆ ಇಷ್ಟು ಮಾತಾಡುವ ನಾವು, ಹುಟ್ಟಿಸಿದವನಿಗೆ ಹುಟ್ಟಿದವನಲ್ಲಿರುವ ಋಣದ ಸುದ್ದಿ ಎತ್ತುವುದೇ ಇಲ್ಲ.

ಆ ದಂಪತಿಗೆ ಗಂಡುಮಗುವಾಯಿತು. ಪೇಡದ ಡಬ್ಬಿ ಹಿಡಿದು ಬಂದರು. ಹುಡುಗನಿಗೆ ಹದಿನೆಂಟಾದಾಗ ಹೇಳಿ, ಇಂಥವರಲ್ಲಿ ವಯಸ್ಸಾದಂತೆ ಇರುವಷ್ಟು ವೀರ್ಯಾಣುವೂ ಕಡಿಮೆಯಾಗಬಹುದು, ಬೇಗ ಪರೀಕ್ಷೆ ಮಾಡಿಸಿದರೆ ತೆಗೆದು ಶೈತ್ಯದಲ್ಲಿಡಬಹುದು ಎಂದೆ. “ಅಷ್ಟೊತ್ಗೆ ನೋಡಾಣ ಬುಡಿ ಮೇಡಂ” ಎಂದು ನಕ್ಕರು.

ಅಷ್ಟೊತ್ತಿಗೆ ಫೈಲು ಎಲ್ಲಿರುತ್ತದೋ. ಇಂಥ ವರದಿ ಮನೆಯಲ್ಲಿರುವವರು ಅದನ್ನು ಮಗನ ಜಾತಕದ ಜೊತೆಗೇ ಇಡಿ.